ಸುವಾರ್ತೆ ಅಂದರೆ ಕೊನೆಗೂ ಏನು? ಒಪ್ಪಿಕೊಂಡವರು ಏನು ಮಾಡಬೇಕು?

ಅಮ್ಮತ್ತಿ ಪ್ಲಾಂಟರ್

ಜಗಳಕ್ಕೆ ಕೇಳುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಕೊಡವ, ಓದಿದ್ದು ಕಾನ್ವೆಂಟಿನಲ್ಲಿ. ಕ್ರಿಸ್‌ಮಸ್ ನಾಟಕದಲ್ಲಿ ಕುರುಬನ ವೇಷ ಹಾಕಿದ್ದೇನೆ, ಪಕ್ಕದ ತೋಟದವರು ಕಳಿಸಿದ ಕೇಕು, ಕುಸ್ವಾರ್ ಎಲ್ಲ ತಿಂದಿದ್ದೇನೆ. ಆದರೆ ಕ್ರೈಸ್ತರ ಸುವಾರ್ತೆಯಲ್ಲಿ, ಅಂದರೆ ಶುಭ ಸಮಾಚಾರದಲ್ಲಿ, ಇರುವ ವಿಷಯವಾದರೂ ಏನು ಅಂತ ಮಗಳು ಕೇಳಿದಾಗ ನೆಟ್ಟಗೆ ಎರಡು ವಾಕ್ಯ ಹೇಳಲು ಬರಲಿಲ್ಲ. ಒಳ್ಳೆಯವರಾಗಿರಿ, ಎಲ್ಲರನ್ನೂ ಪ್ರೀತಿಸಿ ಅಂತಾನಾ? ಅದನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಚರ್ಚಿಗೆ ಸೇರಿಕೊಳ್ಳಿ ಅಂತಾನಾ? ಹಾಗಿದ್ದರೆ ಅದರಲ್ಲಿ ಶುಭ ಏನು ಬಂತು? ಮತ್ತೆ, ಒಬ್ಬ ಮನುಷ್ಯ ಅದನ್ನು ನಂಬಿದ ಅಂತಿಟ್ಟುಕೊಳ್ಳಿ, ಮಾರನೇ ದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು? ಗೊತ್ತಿರುವವರು ಹೇಳಿ. ಪ್ರವಚನ ಬೇಡ.

ವಿರಾಜಪೇಟೆ ಟೀಚರ್

ನಿವೃತ್ತಳಾದ ಮೇಲೂ ಪಾಠ ಮಾಡುವ ಚಟ ಬಿಟ್ಟಿಲ್ಲ, ಸಹಿಸಿಕೊಳ್ಳಿ. ನಾನು ಕ್ಯಾಥೊಲಿಕ್. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬೈಬಲ್ಲಿನಲ್ಲೇ ತೀರಾ ಚಿಕ್ಕದಾಗಿ ಇದೆ. ಯೇಸುವಿನ ಸುದ್ದಿ ಸಾರಿದ ಮೊದಲ ತಲೆಮಾರಿನ ಪೌಲ ಕೊರಿಂಥ ಊರಿನವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ತೆಗೆಯಿರಿ. ನಾನು ನಿಮಗೆ ಸಾರಿದ ಸುವಾರ್ತೆ ಇದು ಅಂತ ಅವನೇ ಹೇಳುತ್ತಾನೆ. ಕ್ರಿಸ್ತ ನಮ್ಮ ಪಾಪಗಳಿಗಾಗಿ ಸತ್ತ, ಅವನನ್ನು ಹೂಣಿಟ್ಟರು, ಮೂರನೇ ದಿನ ಅವನು ಎದ್ದ, ಶಿಷ್ಯ ಪೇತ್ರನಿಗೆ ಕಾಣಿಸಿಕೊಂಡ, ಹನ್ನೆರಡು ಮಂದಿ ಶಿಷ್ಯರಿಗೆ ಕಾಣಿಸಿಕೊಂಡ, ಆಮೇಲೆ 500ಕ್ಕೂ ಹೆಚ್ಚು ಜನರಿಗೆ. ಅವರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ ಅಂತಲೂ ಸೇರಿಸುತ್ತಾನೆ, ಬೇಕಾದರೆ ಹೋಗಿ ಕೇಳಿ ಅನ್ನುವ ಹಾಗೆ. ಈ ಪತ್ರ ಕ್ರಿ.ಶ. 55ರ ಆಸುಪಾಸಿನದು. ಯೇಸು ಸತ್ತು ಕಾಲು ಶತಮಾನ ಆಗಿತ್ತು, ಅಷ್ಟೇ. ಪೌಲ ತಾನು ಬೇರೆಯವರಿಂದ ಪಡೆದದ್ದನ್ನೇ ದಾಟಿಸುತ್ತಿದ್ದೇನೆ ಅನ್ನುತ್ತಾನೆ, ಅಂದರೆ ಮಾತು ಇನ್ನೂ ಹಳೆಯದು.

ಈಗ ಆ ಸಾಲುಗಳಲ್ಲಿ ಹುಡುಕಿ ನೋಡಿ. ನೀನು ಹೀಗೆ ಮಾಡು ಅನ್ನುವ ಒಂದು ಆಜ್ಞೆಯೂ ಇಲ್ಲ. ಎಲ್ಲ ಏನಾಯಿತು ಅನ್ನುವುದೇ. ಸತ್ತ, ಹೂಣಿಟ್ಟರು, ಎದ್ದ, ಕಂಡ. ನಿಮ್ಮ ಅಜ್ಜಿ ಹೇಳಿದ ಬುದ್ಧಿಮಾತು ಖಂಡಿತ ಸರಿ, ಬೈಬಲ್ಲಿನಲ್ಲೂ ಅಂಥವು ರಾಶಿ ಇವೆ. ಅವು ಆಮೇಲೆ ಬರುತ್ತವೆ. ನಮ್ಮ ಅನೇಕ ಚರ್ಚುಗಳಲ್ಲಿ ಭಾನುವಾರ ಭಾನುವಾರ ಕೇಳಿಸುವುದು ಆ ಎರಡನೇ ಭಾಗ ಮಾತ್ರ. ಹಾಗಾಗಿ ನಿಮ್ಮಂಥವರಿಗೆ ಇದು ಇನ್ನೊಂದು ನೀತಿಪಾಠದ ಹಾಗೆ ಕಂಡರೆ ತಪ್ಪು ನಿಮ್ಮದಲ್ಲ.

ಹಾರಂಗಿ

ಟೀಚರ್, ನನಗೆ ಅಲ್ಲೇ ಗಂಟಲಿಗೆ ಸಿಕ್ಕಿಹಾಕಿಕೊಳ್ಳುವುದು. ಯಾವನೋ ಒಬ್ಬ ಎರಡು ಸಾವಿರ ವರ್ಷದ ಹಿಂದೆ ಪ್ಯಾಲೆಸ್ತೀನಿನಲ್ಲಿ ಸತ್ತ. ರೋಮನ್ನರು ಅಂಥವರನ್ನು ಎಷ್ಟೋ ಮಂದಿಯನ್ನು ಶಿಲುಬೆಗೆ ಏರಿಸಿದರು. ಅದರಿಂದ ಕುಶಾಲನಗರದಲ್ಲಿ ಕೂತಿರುವ ನನ್ನ ಪಾಪ ಹೇಗೆ ಹೋಯಿತು? ಮಾಡಿದ್ದುಣ್ಣೋ ಮಹರಾಯ ಅನ್ನುವುದು ನನಗೆ ಅರ್ಥವಾಗುತ್ತದೆ. ಮಾಡಿದವನು ಒಬ್ಬ, ಉಂಡವನು ಇನ್ನೊಬ್ಬ, ಇದು ಯಾವ ನ್ಯಾಯ?

ವಿರಾಜಪೇಟೆ ಟೀಚರ್

ನ್ಯಾಯವಾದ ಪ್ರಶ್ನೆ. ಹೇಗೆ ಅನ್ನುವುದಕ್ಕೆ ಕ್ರೈಸ್ತರಲ್ಲೇ ಒಂದೇ ಉತ್ತರ ಇಲ್ಲ. ಕೆಲವರು ಸಾಲ ತೀರಿಸಿದ ಹಾಗೆ ಅಂದರು, ಕೆಲವರು ಒತ್ತೆಯಾಳು ಬಿಡಿಸಿದ ಹಾಗೆ, ಕೆಲವರು ಸಾವನ್ನೇ ಗೆದ್ದ ಯುದ್ಧ ಅಂದರು. ಹನ್ನೊಂದನೇ ಶತಮಾನದಲ್ಲಿ ಆನ್‌ಸೆಲ್ಮ್ ಅನ್ನುವ ಧರ್ಮಪಂಡಿತ ಒಂದು ರೀತಿ ವಿವರಿಸಿದ, ಆಮೇಲೆ ಪ್ರಾಟೆಸ್ಟೆಂಟರು ಇನ್ನೊಂದು ರೀತಿ. ನಾವು ಪೂಜೆಯಲ್ಲಿ ಹೇಳುವ ನೈಸೀಯ ವಿಶ್ವಾಸ ಪ್ರಮಾಣ 325ರಲ್ಲಿ ಶುರುವಾಗಿ 381ರಲ್ಲಿ ಈಗಿನ ರೂಪಕ್ಕೆ ಬಂತು. ಅದರಲ್ಲಿ ಪೊಂತ್ಯ ಪಿಲಾತನ (ಆಗಿನ ರೋಮನ್ ಅಧಿಕಾರಿ) ಕಾಲದಲ್ಲಿ ನಮಗಾಗಿ ಶಿಲುಬೆಗೇರಿದ ಅಂತಿದೆ. ನಮಗಾಗಿ ಅನ್ನುವುದು ಇದೆ, ಲೆಕ್ಕಪತ್ರ ಇಲ್ಲ.

ಮಾಡಿದ್ದುಣ್ಣೋ ಅನ್ನುವ ಲೆಕ್ಕ ನಿಂತುಹೋಗಬೇಕು ಅಂದರೆ ಯಾರಾದರೂ ಒಬ್ಬರು ತಿರುಗಿಸಿ ಹೊಡೆಯದೆ ಪೆಟ್ಟು ತಿನ್ನಬೇಕಾಗುತ್ತದೆ. ಮನೆ ಮನೆಯ ಜಗಳದಲ್ಲೂ ಇದು ನಿಜ ಅಲ್ವಾ? ದೇವರೇ ಆ ಪೆಟ್ಟು ತಿಂದ ಅನ್ನುವುದು ಕ್ರೈಸ್ತರ ಮಾತು. ನ್ಯಾಯಕ್ಕೆ ಮೀರಿದ್ದು ಅಂತ ನಿಮಗೆ ಅನಿಸಿದರೆ, ಸರಿಯಾಗಿಯೇ ಕೇಳಿಸಿಕೊಂಡಿದ್ದೀರಿ.

ಕುಶಾಲನಗರ ಬ್ರದರ್

ಪ್ರೈಸ್ ದ ಲಾರ್ಡ್. ಪ್ಲಾಂಟರ್ ಅಣ್ಣ, ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಇದೇ ಕೇಳಿದ, ರಕ್ಷಣೆ ಹೊಂದಲು ಏನು ಮಾಡಬೇಕು ಅಂತ. ಕರ್ತನಾದ ಯೇಸುವನ್ನು ನಂಬು ಅಂದರು ಪೌಲ, ಅವನ ಜೊತೆಗಾರ ಸೀಲ. ಅಪೊಸ್ತಲರ ಕೃತ್ಯಗಳು 16. ಅದೇ ರಾತ್ರಿ ಅವನೂ ಅವನ ಮನೆಯವರೂ ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗುವ ನೀರಿನ ವಿಧಿ, ಮಾಡಿಸಿಕೊಂಡರು. ಪಂಚಾಂಗ ನೋಡಲಿಲ್ಲ. ಪೌಲ ರೋಮಾಪುರದವರಿಗೆ ಬರೆದ ಪತ್ರದ 10:9 ಓದಿ. ಬಾಯಿಂದ ಅರಿಕೆ ಮಾಡಿ ಹೃದಯದಿಂದ ನಂಬಿದರೆ ಸಾಕು. ನಾಳೆ ಅನ್ನಬೇಡಿ, ನಾಳೆ ಯಾರ ಕೈಯಲ್ಲೂ ಇಲ್ಲ. ಇವತ್ತೇ ತೀರ್ಮಾನ ಮಾಡಿ.

ಅಮ್ಮತ್ತಿ ಪ್ಲಾಂಟರ್

ಬ್ರದರ್, ಬೇಜಾರು ಮಾಡಿಕೊಳ್ಳಬೇಡಿ. ಇವತ್ತೇ ಅಂತ ಯಾರಾದರೂ ಅಂದರೆ ನನಗೆ ಮಾರ್ಚ್ ತಿಂಗಳ ಎಲ್‌ಐಸಿ ಏಜೆಂಟ್ ನೆನಪಾಗುತ್ತಾರೆ.

ಲೈನ್‌ಮನೆ ಹುಡುಗಿ

ನಾನು ಸಿದ್ದಾಪುರ ಕಡೆಯ ತೋಟದ ಲೈನ್‌ಮನೆಯಲ್ಲಿ ಬೆಳೆದವಳು, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿ. ಈಗ ನರ್ಸ್. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸದವರು. ಸುವಾರ್ತೆ ಏನು ಅಂತ ಕೇಳಿದ್ದೀರಿ. ನನಗೆ ಅದು ಅರ್ಥವಾದದ್ದು ಮತ್ತಾಯ 20ನೇ ಅಧ್ಯಾಯದಿಂದ. ಕೊಡಗಿನವರಿಗೆ ಅದಕ್ಕಿಂತ ಚೆನ್ನಾಗಿ ಹಿಡಿಸುವ ಕತೆ ಬೈಬಲ್ಲಿನಲ್ಲಿ ಇಲ್ಲ ಅಂತ ನನ್ನ ಅಭಿಪ್ರಾಯ.

ಒಬ್ಬ ದ್ರಾಕ್ಷಿ ತೋಟದ ಯಜಮಾನ. ಕುಯ್ಲಿನ ಕಾಲ ಅಂತ ಇಟ್ಟುಕೊಳ್ಳಿ. ಬೆಳಗಿನ ಜಾವ ಪೇಟೆಗೆ ಹೋಗಿ ಆಳು ಕರೆಯುತ್ತಾನೆ, ದಿನಕ್ಕೆ ಒಂದು ದಿನಾರಿ ಅಂತ ಮಾತಾಗುತ್ತದೆ. ಅದು ಆ ಕಾಲದ ಒಂದು ದಿನದ ಕೂಲಿ. ಒಂಬತ್ತು ಗಂಟೆಗೆ ಮತ್ತೆ ಹೋಗುತ್ತಾನೆ, ಹನ್ನೆರಡಕ್ಕೆ, ಮೂರಕ್ಕೆ. ಆಮೇಲೆ ಸಂಜೆ ಐದಕ್ಕೆ! ಆರಕ್ಕೆ ಕೆಲಸ ಬಿಡುವ ಹೊತ್ತು. ಆಗಲೂ ಅಲ್ಲಿ ಕೆಲವರು ನಿಂತಿದ್ದಾರೆ. ಯಾಕೆ ದಿನವಿಡೀ ಸುಮ್ನೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಅನ್ನುತ್ತಾರೆ.

ಈ ಒಂದು ಮಾತು ಓದಿದಾಗ ನಾನು ಪುಸ್ತಕ ಮುಚ್ಚಿ ಇಟ್ಟಿದ್ದೆ. ಬೆಳಿಗ್ಗೆ ಜೀಪು ಬಂದು ಗಟ್ಟಿಮುಟ್ಟಾದವರನ್ನು ಹತ್ತಿಸಿಕೊಂಡು ಹೋದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಯಾರು ಉಳಿಯುತ್ತಾರೆ ಗೊತ್ತಾ ನಿಮಗೆ? ವಯಸ್ಸಾದವರು, ಕಾಲು ಎಳೆಯುವವರು, ಕಂಕುಳಲ್ಲಿ ಮಗು ಇರುವವಳು, ಹಿಂದಿನ ದಿನ ಕುಡಿದು ಮೇಸ್ತ್ರಿಯ ಹತ್ತಿರ ಬೈಸಿಕೊಂಡವನು. ಅವರನ್ನು ಸೋಮಾರಿಗಳು ಅಂತ ಹೇಳುವುದು ಸುಲಭ. ಕತೆ ಹಾಗೆ ಹೇಳುವುದಿಲ್ಲ.

ಸಂಜೆ ಪಾರುಪತ್ಯಗಾರ, ನಮ್ಮ ಕಡೆ ರೈಟರ್ ಅನ್ನುತ್ತೀವಲ್ಲ ಆತ, ಬಟವಾಡೆ ಮಾಡುತ್ತಾನೆ. ಕೊನೆಗೆ ಬಂದವರಿಗೆ ಮೊದಲು. ಒಂದು ಗಂಟೆ ಕೆಲಸ ಮಾಡಿದವರಿಗೆ ಪೂರ್ತಿ ಒಂದು ದಿನಾರಿ. ಬೆಳಗಿನಿಂದ ದುಡಿದವರು ನಮಗೆ ಜಾಸ್ತಿ ಸಿಗುತ್ತದೆ ಅಂತ ಲೆಕ್ಕ ಹಾಕಿಕೊಂಡು ನಿಂತರೆ ಅವರಿಗೂ ಅದೇ ಒಂದು. ಗೊಣಗಿದರು, ಬಿಸಿಲಲ್ಲಿ ಬೆಂದವರು ನಾವು ಅಂತ. ಯಜಮಾನ ಹೇಳುತ್ತಾನೆ, ನಿನಗೆ ಒಪ್ಪಿದ ಕೂಲಿಯನ್ನು ಕೊಟ್ಟಿದ್ದೇನೆ, ನಿನಗೇನೂ ಮೋಸ ಮಾಡಿಲ್ಲ, ನಾನು ಒಳ್ಳೆಯವನಾಗಿದ್ದಕ್ಕೆ ನಿನಗೆ ಹೊಟ್ಟೆಕಿಚ್ಚಾ?

ಸುವಾರ್ತೆ ಇದು ಅಣ್ಣ. ದೇವರು ಕೂಲಿ ಲೆಕ್ಕದಲ್ಲಿ ಮನುಷ್ಯರನ್ನು ಅಳೆಯುವುದಿಲ್ಲ. ಐದು ಗಂಟೆಗೆ ನಿಂತವನ ಮನೆಯಲ್ಲೂ ಒಂದು ದಿನಕ್ಕೆ ಬೇಕಾಗುವ ಅಕ್ಕಿ ಅಷ್ಟೇ ಅಲ್ವಾ, ಅರ್ಧ ಕೂಲಿಗೆ ಮಕ್ಕಳ ಹೊಟ್ಟೆ ಅರ್ಧ ಆಗುವುದಿಲ್ಲ.

ಅಮ್ಮತ್ತಿ ಪ್ಲಾಂಟರ್

ತಂಗಿ, ಚೆನ್ನಾಗಿ ಬರೆದಿದ್ದೀರಿ. ಆದರೆ ತೋಟ ನಡೆಸುವವನಾಗಿ ಒಂದು ಮಾತು. ನಾನು ಒಂದು ದಿನ ಹೀಗೆ ಮಾಡಿದರೆ ಮಾರನೇ ದಿನ ಬೆಳಿಗ್ಗೆ ಮಸ್ಟರಿಗೆ, ಅಂದರೆ ಹಾಜರಿಗೆ, ಒಬ್ಬರೂ ಬರುವುದಿಲ್ಲ. ಎಲ್ಲರೂ ಸಂಜೆ ಐದಕ್ಕೇ ಬಂದು ನಿಲ್ಲುತ್ತಾರೆ. ರೊಬಸ್ಟಾ ಕಾಫಿ ಗಿಡದಲ್ಲೇ ಒಣಗುತ್ತದೆ. ಈಗಲೇ ಆಳು ಸಿಗದೆ ಅಸ್ಸಾಮಿನಿಂದ ಬಂದವರನ್ನು ನೆಚ್ಚಿಕೊಂಡಿದ್ದೇವೆ.

ಲೈನ್‌ಮನೆ ಹುಡುಗಿ

ಹೌದು, ತೋಟ ನಡೆಸುವ ವಿಧಾನ ಅಂತ ಯೇಸು ಇದನ್ನು ಹೇಳಲಿಲ್ಲ. ಸ್ವರ್ಗರಾಜ್ಯ ಹೀಗಿದೆ ಅಂತ ಶುರು ಮಾಡುತ್ತಾನೆ. ಅದಕ್ಕೆ ಮುಂಚೆ, 19ನೇ ಅಧ್ಯಾಯದ ಕೊನೆಯಲ್ಲಿ, ಪೇತ್ರ ಕೇಳಿರುತ್ತಾನೆ, ನಾವು ಎಲ್ಲ ಬಿಟ್ಟು ನಿನ್ನ ಹಿಂದೆ ಬಂದಿದ್ದೇವೆ, ನಮಗೇನು ಸಿಗುತ್ತದೆ ಅಂತ. ಶಿಷ್ಯನೇ ಮಸ್ಟರ್ ಪುಸ್ತಕ ಹಿಡಿದುಕೊಂಡು ನಿಂತಿದ್ದಾನೆ. ಯೇಸು ಅವನಿಗೆ ದೊಡ್ಡ ಪ್ರತಿಫಲದ ಮಾತನ್ನೂ ಕೊಡುತ್ತಾನೆ, ಹಿಂದೆಯೇ ಈ ಕತೆಯನ್ನೂ ಹೇಳುತ್ತಾನೆ. ಕತೆ ಚುಚ್ಚುವುದು ಬೆಳಗಿನಿಂದ ದುಡಿದವರಿಗೆ. ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುವವರಿಗೆ, ನನಗೂ ಸೇರಿ.

ಹಾರಂಗಿ

ಹಾಗಾದರೆ ಜೀವನವಿಡೀ ಲಂಚ ತಿಂದು, ಸಾಯುವ ಮುಂಚೆ ಐದು ನಿಮಿಷ ಕಣ್ಣೀರು ಹಾಕಿದವನಿಗೂ ಪೂರ್ತಿ ಕೂಲಿ. ಭಾರಿ ಅಗ್ಗ ಆಯಿತಲ್ಲ.

ವಿರಾಜಪೇಟೆ ಟೀಚರ್

ಪೂರ್ತಿ ಕೂಲಿ, ಹೌದು. ಲೂಕ 23ರಲ್ಲಿ ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿಗೆ ಸಿಕ್ಕಿದ್ದು ಅದೇ. ಆದರೆ ಅವನಿಗೆ ಸಾಯಲು ಕೆಲವೇ ಗಂಟೆ ಉಳಿದಿತ್ತು. ಬದುಕಿ ಉಳಿದವನ ಕತೆ ಬೇಕಾದರೆ ಲೂಕ 19ರ ಜಕ್ಕಾಯನನ್ನು ನೋಡಿ. ಯೆರಿಕೋವಿನ ತೆರಿಗೆ ವಸೂಲಿಯವನು, ಜನರನ್ನು ಸುಲಿದು ಶ್ರೀಮಂತನಾದವನು. ಗಿಡ್ಡ. ಗುಂಪಿನಲ್ಲಿ ಕಾಣುವುದಿಲ್ಲ ಅಂತ ಮರ ಹತ್ತಿ ಕೂತಿದ್ದ. ಯೇಸು ಮೇಲೆ ನೋಡಿ, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲಿ ಉಳಿಯುತ್ತೇನೆ ಅಂದ. ಊರಿನವರಿಗೆ ಸಿಟ್ಟು ಬಂತು. ಆಮೇಲೆ ಜಕ್ಕಾಯ ಎದ್ದು ನಿಂತು ಹೇಳಿದ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್.

ಯಾವುದು ಮೊದಲು ಅನ್ನುವುದನ್ನು ಗಮನಿಸಿ. ಹಣ ವಾಪಸ್ ಕೊಟ್ಟರೆ ಮನೆಗೆ ಬರುತ್ತೇನೆ ಅಂತ ಯೇಸು ಹೇಳಲಿಲ್ಲ. ಬಂದ. ಬಂದದ್ದಕ್ಕೆ ಜೇಬು ತೆರೆಯಿತು. ಪ್ಲಾಂಟರ್ ಅವರೇ, ಮಾರನೇ ದಿನ ಬೆಳಿಗ್ಗೆ ಏನು ಮಾಡಬೇಕು ಅಂತ ಕೇಳಿದ್ದಿರಲ್ಲ? ಯಾರಿಗೆ ಎಷ್ಟು ಕೊಡಬೇಕು ಅಂತ ಒಂದು ಚೀಟಿ ಬರೆಯುವುದು ಒಳ್ಳೆಯ ಶುರುವಾತು. ಮಾತು ಬಿಟ್ಟ ತಮ್ಮನ ಹೆಸರೂ ಆ ಚೀಟಿಯಲ್ಲಿ ಬರಬಹುದು.

ಕುಶಾಲನಗರ ಬ್ರದರ್

ಟೀಚರ್ ಜೊತೆ ನನಗೆ ಬಹಳ ವಿಷಯದಲ್ಲಿ ಸರಿಹೋಗುವುದಿಲ್ಲ, ಇಲ್ಲಿ ಆಮೆನ್.

ಅಮ್ಮತ್ತಿ ಪ್ಲಾಂಟರ್

ಈಗ ನನ್ನ ನಿಜವಾದ ಕಷ್ಟ ಹೇಳುತ್ತೇನೆ. ಐನ್‌ಮನೆ. ನಮ್ಮ ಮನೆತನದ ಮೂಲಮನೆ. ಅದರ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಹಚ್ಚುವುದು, ಗುರುಕಾರಣರಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಮೀದಿ (ಎಡೆ) ಇಡುವುದು, ಅವರ ಗುಡಿಯಾದ ಕೈಮಡ, ತುಲಾ ಸಂಕ್ರಮಣಕ್ಕೆ ತಲಕಾವೇರಿ, ಹುತ್ತರಿ ಹಬ್ಬಕ್ಕೆ ಹೊಸ ಭತ್ತದ ಕದಿರು ತೆಗೆಯುವುದು. ಇವನ್ನೆಲ್ಲ ತೆಗೆದರೆ ನಾನು ಅನ್ನುವುದರಲ್ಲಿ ಏನು ಉಳಿಯುತ್ತದೆ ನನಗೆ ಗೊತ್ತಿಲ್ಲ. ಯೇಸುವಿನ ಬಗ್ಗೆ ನೀವು ಹೇಳಿದ್ದು ನನಗೆ ತಟ್ಟುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅವನನ್ನು ಒಪ್ಪಬೇಕಾದರೆ ನನ್ನ ಅಜ್ಜ ಮುತ್ತಜ್ಜರಿಗೆ ಬೆನ್ನು ತಿರುಗಿಸಬೇಕಾ?

ಕುಶಾಲನಗರ ಬ್ರದರ್

ಪೂರ್ವಿಕರನ್ನು ಗೌರವಿಸಿ, ಆರಾಧಿಸಬೇಡಿ. 1 ಕೊರಿಂಥ 10 ಸ್ಪಷ್ಟವಾಗಿದೆ. ಕರ್ತನ ಮೇಜು, ಬೇರೆ ದೈವಗಳ ಮೇಜು, ಎರಡರಲ್ಲೂ ಊಟಕ್ಕೆ ಕೂರಲು ಆಗುವುದಿಲ್ಲ.

ವಿರಾಜಪೇಟೆ ಟೀಚರ್

ಅದೇ ಅಧ್ಯಾಯದಲ್ಲಿ ಪೌಲ ಇನ್ನೂ ಒಂದು ಮಾತು ಹೇಳುತ್ತಾನೆ ಬ್ರದರ್. ಕ್ರೈಸ್ತನಲ್ಲದವನು ಊಟಕ್ಕೆ ಕರೆದರೆ ಹೋಗು, ಬಡಿಸಿದ್ದನ್ನು ತಿನ್ನು, ಇದು ಎಲ್ಲಿಂದ ಬಂತು ಅಂತ ವಿಚಾರಿಸಬೇಡ ಅಂತ. ಎರಡನ್ನೂ ಒಟ್ಟಿಗೆ ಓದಬೇಕು.

ನಮ್ಮ ಕ್ಯಾಥೊಲಿಕ್ ಸಭೆಗೆ ಈ ತಲೆನೋವು ಹಳೆಯದು. ಚೀನಾದಲ್ಲಿ ಕ್ರೈಸ್ತರಾದವರು ಪೂರ್ವಿಕರಿಗೆ ಗೌರವ ಸಲ್ಲಿಸುವ ವಿಧಿ ಮಾಡಬಹುದಾ ಅಂತ ದೊಡ್ಡ ಜಗಳ ಆಯಿತು. 18ನೇ ಶತಮಾನದಲ್ಲಿ ರೋಮ್ ನಿಷೇಧಿಸಿತು. 1939ರಲ್ಲಿ, ಅದು ಮನೆತನದ ಗೌರವ, ಪೂಜೆ ಅಲ್ಲ ಅಂತ ಬಿಟ್ಟುಕೊಟ್ಟಿತು. ಮಧ್ಯದಲ್ಲಿ ಎಷ್ಟು ಮನೆಗಳು ಒಡೆದಿರಬಹುದು ಯೋಚಿಸಿ. ನವೆಂಬರ್ 2ಕ್ಕೆ ನಾವೂ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ಆದರೆ ನಾನು ನಿಮಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಕಾರಣರನ್ನು ನೆನೆಯುವುದಕ್ಕೂ ಅವರ ಹತ್ತಿರ ಕಾಪಾಡಿ ಅಂತ ಬೇಡುವುದಕ್ಕೂ ನಡುವೆ ಒಂದು ಗೆರೆ ಇದೆ, ಕ್ರಿಸ್ತನೇ ಒಡೆಯ ಅಂದವನಿಗೆ ಎರಡನೆಯದು ಕಷ್ಟವಾಗುತ್ತದೆ. ಆ ಗೆರೆ ನಿಮ್ಮ ನಡುಬಾಡೆಯಲ್ಲಿ ಎಲ್ಲಿ ಹಾದುಹೋಗುತ್ತದೆ ಅಂತ ವಿರಾಜಪೇಟೆಯಲ್ಲಿ ಕೂತು ನಾನು ಹೇಳಲಾರೆ.

ಹಳೇ ಪುಸ್ತಕ

ನಾನು ಯಾವ ಕಡೆಯವನೂ ಅಲ್ಲ, ಇತಿಹಾಸದ ಹುಚ್ಚಿನವನು. ಕೊಡಗಿನಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಆಗಲೇ ಬಂದಿವೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರದ್ದು. ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ. ಅವನು ವೀರಶೈವನಾಗಿಯೇ ಉಳಿದ. ಆಮೇಲೆ 1853ರಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಬಂದ, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದವನು ಅವನೇ. ಸಿದ್ದಾಪುರದ ಹತ್ತಿರ ಆನಂದಪುರದಲ್ಲಿ ನೆಲೆ ಮಾಡಿದ. ಕೊಡವರು ಸಾಲುಸಾಲಾಗಿ ಬರುತ್ತಾರೆ ಅಂತ ಕಾದವರಿಗೆ ಅಲ್ಲಿ ಬಂದು ಸೇರಿದ್ದು ಹೆಚ್ಚಾಗಿ ಜೀತದಲ್ಲಿದ್ದ ಕೆಳಜಾತಿಯವರು. ಲೈನ್‌ಮನೆ ಹುಡುಗಿ ಹೇಳಿದ ಐದು ಗಂಟೆಯ ಜನ ಅನ್ನಬಹುದೇನೋ.

ಇನ್ನೊಂದು ಕತೆ ನನಗೆ ಸಂಕಟ ಕೊಡುವಂಥದ್ದು. ರಾಜ್ಯ ಕಳೆದುಕೊಂಡ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜ ಈಸ್ಟ್ ಇಂಡಿಯಾ ಕಂಪನಿಯಿಂದ ತನ್ನ ಹಣ ವಾಪಸ್ ಕೇಳಲು 1852ರಲ್ಲಿ ಲಂಡನ್ನಿಗೆ ಹೋದ. ಜೊತೆಗೆ ಮಗಳು ಗೌರಮ್ಮ, ಸುಮಾರು ಹನ್ನೊಂದು ವರ್ಷದ ಹುಡುಗಿ. ಅದೇ ವರ್ಷ ಅವಳಿಗೆ ದೀಕ್ಷಾಸ್ನಾನ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮತಾಯಿ, ರಾಣಿಯ ಹೆಸರನ್ನೇ ಇಟ್ಟರು. 1864ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ತೀರಿಕೊಂಡಳು. ಅದು ಯಾರ ತೀರ್ಮಾನ? ಹುಡುಗಿಯದಾ, ಅಪ್ಪನ ಲೆಕ್ಕಾಚಾರವಾ, ಅರಮನೆಯದಾ?

ಹಾರಂಗಿ

ನಾನು ಹೇಳಬೇಕೆಂದಿದ್ದದ್ದೂ ಇದೇ. ಸಿಂಹಾಸನ ಪಕ್ಕದಲ್ಲಿದ್ದಾಗ ಸುವಾರ್ತೆ ಸಾರಿದರೆ ಅದನ್ನು ಒತ್ತಡ ಅನ್ನುತ್ತಾರೆ.

ಲೈನ್‌ಮನೆ ಹುಡುಗಿ

ಹಾರಂಗಿ ಅಣ್ಣ, ಒತ್ತಡ ಆ ಕಡೆಯಿಂದ ಮಾತ್ರ ಬರುವುದಿಲ್ಲ. ನಮ್ಮ ಅಪ್ಪ ದಿನಾ ರಾತ್ರಿ ಬೈಬಲ್ ಓದುತ್ತಾರೆ, ಇವತ್ತಿಗೂ ದೀಕ್ಷಾಸ್ನಾನ ಮಾಡಿಸಿಕೊಂಡಿಲ್ಲ. ಯಾಕೆ ಗೊತ್ತಾ? 1950ರ ಪರಿಶಿಷ್ಟ ಜಾತಿಗಳ ಆದೇಶ. ಮೊದಲು ಹೆಚ್ಚುಕಡಿಮೆ ಹಿಂದೂಗಳು ಮಾತ್ರ ಇದ್ದರು, 1956ರಲ್ಲಿ ಸಿಖ್ಖರನ್ನೆಲ್ಲ ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತನಾದರೆ ಪರಿಶಿಷ್ಟ ಜಾತಿ ಅನ್ನುವುದು ಹೋಗುತ್ತದೆ. ಲೈನ್‌ಮನೆ ಅದೇ, ನೋಡುವ ಕಣ್ಣು ಅದೇ, ಸರ್ಟಿಫಿಕೇಟ್ ಮಾತ್ರ ಇಲ್ಲ. ನನ್ನ ನರ್ಸಿಂಗ್ ಫೀಸು, ಹಾಸ್ಟೆಲ್ ಎಲ್ಲ ಆ ಕಾಗದದ ಮೇಲೆ ನಿಂತಿತ್ತು.

ಕುಶಾಲನಗರ ಬ್ರದರ್

ಸಹೋದರಿ, ನೋವಾಗುತ್ತದೆ, ಆದರೂ ಹೇಳಬೇಕು. ಜನರ ಮುಂದೆ ನನ್ನನ್ನು ಒಪ್ಪಿಕೊಳ್ಳದವನನ್ನು ನಾನೂ ಒಪ್ಪಿಕೊಳ್ಳುವುದಿಲ್ಲ ಅನ್ನುವ ಅರ್ಥದ ಮಾತು ಮತ್ತಾಯ 10ರಲ್ಲಿ ಇದೆ. ಕಾಗದಕ್ಕಾಗಿ ಕರ್ತನನ್ನು ಮುಚ್ಚಿಡುವುದು ಸರಿಯಾ?

ಲೈನ್‌ಮನೆ ಹುಡುಗಿ

ಬ್ರದರ್, ನಿಮ್ಮ ಬೈಕಿನ ಹಿಂದೆ ಶಿಲುಬೆ ಸ್ಟಿಕರ್ ಹಚ್ಚಲು ಎಷ್ಟು ಖರ್ಚಾಯಿತು? ಅಪ್ಪನಿಗೆ ಅದೇ ಸ್ಟಿಕರಿನ ಬೆಲೆ ಮಗಳ ಓದು. ಅಪ್ಪ ಮುಚ್ಚಿಟ್ಟಿಲ್ಲ. ಇಡೀ ಲೈನಿಗೆ ಗೊತ್ತು ಅವರು ಯಾರನ್ನು ನಂಬುತ್ತಾರೆ ಅಂತ. ಕುಡಿಯುವುದು ಬಿಟ್ಟರು. ಅಮ್ಮನ ಮೇಲೆ ಕೈ ಎತ್ತುವುದು ಬಿಟ್ಟರು. ಮೇಸ್ತ್ರಿಯ ಹೆಸರಿಗೆ ಸುಳ್ಳು ಮಸ್ಟರ್ ಬರೆಯಲು ಒಪ್ಪದೆ ಕೆಲಸ ಕಳೆದುಕೊಂಡು ಬೇರೆ ತೋಟಕ್ಕೆ ಹೋದರು. ಒಪ್ಪಿಕೊಳ್ಳುವುದು ಅಂದರೆ ಇದಲ್ಲದೆ ಇನ್ನೇನು?

ವಿರಾಜಪೇಟೆ ಟೀಚರ್

ಇಬ್ಬರೂ ಸ್ವಲ್ಪ ನಿಲ್ಲಿ. ಜ್ಞಾನಸ್ನಾನ, ಬ್ರದರ್ ಹೇಳುವ ದೀಕ್ಷಾಸ್ನಾನ, ಬೇಡ ಅಂತ ನಾನು ಹೇಳಲಾರೆ ಮಗಳೇ. ಪೆಂತೆಕೊಸ್ತ್ ಹಬ್ಬದ ದಿನ ಜನ ನಾವೇನು ಮಾಡಬೇಕು ಅಂತ ಕೇಳಿದಾಗ ಪೇತ್ರ ಹೇಳಿದ್ದು ಎರಡು, ಪಶ್ಚಾತ್ತಾಪ ಮತ್ತು ಅದು. ನಂಬಿಕೆ ಒಬ್ಬನ ಎದೆಯಲ್ಲಿ ಮಾತ್ರ ಇರುವಂಥದ್ದಲ್ಲ, ಅದಕ್ಕೆ ಒಂದು ಊಟದ ಮೇಜು ಬೇಕು, ಜೊತೆಗಾರರು ಬೇಕು. ಆದರೆ ಬ್ರದರ್, ಯೋಹಾನನ ಸುವಾರ್ತೆಯಲ್ಲಿ ನಿಕೊದೇಮ ಅನ್ನುವ ಯೆಹೂದಿ ಮುಖಂಡ ಯೇಸುವಿನ ಹತ್ತಿರ ರಾತ್ರಿ ಬಂದ. ಅರಿಮಥಾಯದ ಯೋಸೇಫ ಹೆದರಿಕೆಯಿಂದ ಗುಟ್ಟಾಗಿ ಶಿಷ್ಯನಾಗಿದ್ದ ಅಂತ 19ನೇ ಅಧ್ಯಾಯ ಬಾಯಿಬಿಟ್ಟು ಹೇಳುತ್ತದೆ. ಶಿಲುಬೆಯ ಹತ್ತಿರ, ರಾತ್ರಿ ಬಂದವನೂ ಗುಟ್ಟಾಗಿದ್ದವನೂ ಹೆಣ ಇಳಿಸಿ ಹೂಣಲು ಬಂದರು. ಧೈರ್ಯದ ಮಾತಾಡಿದ್ದ ಪೇತ್ರ ಆಗ ಅಲ್ಲಿ ಇರಲಿಲ್ಲ.

ಆ ಅಪ್ಪನ ಬಗ್ಗೆ ತೀರ್ಪು ಕೊಡುವ ಮೊದಲು ನಮ್ಮ ಚರ್ಚುಗಳು ಅಂಥವರ ಮಕ್ಕಳ ಫೀಸಿಗೆ ಏನು ಮಾಡಿವೆ ಅಂತ ಕೇಳಿಕೊಳ್ಳೋಣ. ನಮ್ಮಲ್ಲೇ ಕೆಲವು ಕಡೆ ಮದುವೆ ಮಾತು ಬಂದಾಗ ಜಾತಿ ಮೊದಲು ಎದ್ದು ನಿಲ್ಲುತ್ತದೆ, ಅದು ಸುವಾರ್ತೆಗೆ ಕೊಟ್ಟ ಉತ್ತರ ಅಲ್ಲವೇ ಅಲ್ಲ.

ಕುಶಾಲನಗರ ಬ್ರದರ್

ಸ್ಟಿಕರ್ ಮಾತು ಜೋರಾಗಿ ತಟ್ಟಿತು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ದೀಕ್ಷಾಸ್ನಾನದ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ.

ಹಾರಂಗಿ

ನಾನು ನಂಬಿದೆ ಅಂತ ಯಾರೂ ತಿಳಿಯಬೇಡಿ. ಮತ್ತಾಯ 20 ಓದಿದೆ. ಬೆಳಗಿನವರ ಗೊಣಗಾಟವೇ ನನ್ನದೂ. ಕೊನೆಯವರಿಗೆ ಮೊದಲು ಬಟವಾಡೆ ಮಾಡದೆ ಇದ್ದಿದ್ದರೆ ಬೆಳಗಿನವರು ತಮ್ಮ ಒಂದು ದಿನಾರಿ ತೆಗೆದುಕೊಂಡು ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಯಜಮಾನ ಬೇಕಂತಲೇ ಅವರು ನೋಡಲಿ ಅಂತ ಮಾಡಿದ್ದಾನೆ. ಕಿಲಾಡಿ.

ಲೈನ್‌ಮನೆ ಹುಡುಗಿ

ಅದನ್ನೇ ಮುಂದಿನ ಬೆಂಚಿನವರು ಗಮನಿಸುವುದಿಲ್ಲ ಅಣ್ಣ, ನೀವು ಗಮನಿಸಿದಿರಿ.

ಅಮ್ಮತ್ತಿ ಪ್ಲಾಂಟರ್

ಎಲ್ಲರಿಗೂ ಥ್ಯಾಂಕ್ಸ್. ಐನ್‌ಮನೆಯ ಪ್ರಶ್ನೆ ನನಗೆ ಬಗೆಹರಿದಿಲ್ಲ, ಇಲ್ಲಿ ಬಗೆಹರಿಯುವಂಥದ್ದೂ ಅಲ್ಲ. ಚೀಟಿ ಬರೆಯಲು ಕೂತೆ. ಹಳೇ ಆಳುಗಳ ಬಾಕಿ ಬರೆಯುವಷ್ಟರಲ್ಲಿ ಹೆಂಡತಿ ಬಂದು ಏನಿದು ಅಂತ ಕೇಳಿದಳು, ಅವಳಿಗೆ ವಿವರಿಸಲು ಹೋಗಿ ಇನ್ನೂ ಎರಡು ಹೆಸರು ಅವಳೇ ಸೇರಿಸಿದಳು. ಅದು ಇರಲಿ. ಯೇಸುವಿನ ಬಗ್ಗೆ ನೇರವಾಗಿ ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ? ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿ ಮೂರನೆಯದಾದ ಲೇವಿಯ ಬರುವಷ್ಟರಲ್ಲಿ ನಿಂತುಹೋಗಿದೆ ಹಿಂದೆ.

ವಿರಾಜಪೇಟೆ ಟೀಚರ್

ಮಾರ್ಕ. ಯೇಸುವಿನ ಕತೆ ಹೇಳುವ, ಸುವಾರ್ತೆ ಅಂತಲೇ ಹೆಸರಿರುವ ನಾಲ್ಕು ಪುಸ್ತಕಗಳಲ್ಲಿ ಚಿಕ್ಕದು, 16 ಅಧ್ಯಾಯ. ಮಳೆ ಹಿಡಿದ ಒಂದು ಮಧ್ಯಾಹ್ನ ಸಾಕು. ಮೊದಲ ಅಧ್ಯಾಯದ 15ನೇ ವಚನದಲ್ಲೇ ಯೇಸುವಿನ ಕರೆ ಇದೆ, ದೇವರ ರಾಜ್ಯ ಹತ್ತಿರ ಬಂತು, ತಿರುಗಿಕೊಳ್ಳಿ, ಈ ಸುವಾರ್ತೆಯನ್ನು ನಂಬಿ ಅಂತ. ಮಗಳ ಜೊತೆ ಕೂತು ಓದಿ, ಪ್ರಶ್ನೆ ಎತ್ತಿದ್ದು ಅವಳೇ ತಾನೇ.

ಲೈನ್‌ಮನೆ ಹುಡುಗಿ

10ನೇ ಅಧ್ಯಾಯದಲ್ಲಿ ಬಹಳ ಆಸ್ತಿ ಇದ್ದ ಒಬ್ಬ ಮನುಷ್ಯ ಯೇಸುವಿನ ಹತ್ತಿರ ಓಡಿ ಬರುತ್ತಾನೆ. ಯೇಸು ಅವನನ್ನು ಪ್ರೀತಿಯಿಂದ ನೋಡಿ ಒಂದು ಮಾತು ಹೇಳುತ್ತಾನೆ, ಅವನು ಮುಖ ಸಣ್ಣ ಮಾಡಿಕೊಂಡು ಹೋಗಿಬಿಡುತ್ತಾನೆ. ಅಲ್ಲಿಗೆ ಬಂದಾಗ ಇಲ್ಲಿ ಬರೆಯಿರಿ ಅಣ್ಣ. ಲೈನ್‌ಮನೆಯಲ್ಲಿ ನಾವು ಅದನ್ನು ಓದಿದ್ದೇವೆ, ಒಬ್ಬ ಪ್ಲಾಂಟರ್ ಓದಿದರೆ ಹೇಗೆ ಕಾಣುತ್ತದೆ ಅಂತ ನನಗೆ ಕೇಳಬೇಕು.